ಬೆನ್ನೆಲುಬಿನಲ್ಲಿ ಉಸಿರನ್ನು ಏರಿಸುವುದೆಂದರೇನು?

(ಐಗಳಿಯಲ್ಲಿ ರೈತರ ಕೂಟದಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ನೀರಾವರಿಗಳ ವಿಷಯವನ್ನು ಕೇಳಿ ಕೇಳಿ ನಿಮಗೆ ರೂಢಿಯಾಗಿದೆ. ಈ ಹೊತ್ತು ನಾನು ಹೇಳಹೊರಟಿರುವುದು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದ ಉಸಿರಿನ ವಿಷಯ. ಪ್ರಾಣಾಯಾಮದಲ್ಲಿ ಉಸಿರನ್ನೂ ಶಕ್ತಿಯನ್ನೂ ಬೆನ್ನೆಲುಬಿನ ಗುಂಟ ಮೇಲೇರಿಸಬೇಕೆಂಬ ಮಾತನ್ನು ನೀವು ಪುರಾಣ ಪ್ರವಚನಗಳಲ್ಲಿ ಕೇಳಿರುತ್ತೀರಿ. ಹಿರಿಯರು ಇದು ಮಠದ ಸ್ವಾಮಿಗಳಿಗೆ ಸೇರಿದ್ದೆಂದು ಕೈಬಿಡುತ್ತಾರೆ. ಹರೆಯದವರು ಮೊಬೈಲಿನಲ್ಲಿ ನೋಡಿ, ಮೂಗು ಹಿಡಿದು, ಮುಖ ಕೆಂಪೇರುವವರೆಗೆ ಉಸಿರು ಕಟ್ಟಿ ಕೂಡುತ್ತಾರೆ. ಇಬ್ಬರಿಗೂ ನಾಲ್ಕು ಮಾತು ಹೇಳಬೇಕಾಗಿದೆ.

ಮೊದಲು ಹಳಬರು ಹೇಳಿದ್ದನ್ನು ನೋಡೋಣ. ಬೆನ್ನಿನ ನಡುವೆ ಸುಷುಮ್ನೆ ಎಂಬ ನಾಡಿ, ಅದರ ಎಡಬಲಕ್ಕೆ ಇಡಾ ಮತ್ತು ಪಿಂಗಳಾ. ಬುಡದ ಆಧಾರದಿಂದ ಹುಬ್ಬುಗಳ ನಡುವಿನ ಆಜ್ಞೆಯವರೆಗೆ ಆರು ಚಕ್ರಗಳು. ನಮ್ಮ ಶರಣರ ಪರಂಪರೆಯಲ್ಲಿ ಈ ಆರು ಚಕ್ರಗಳಿಗೆ ಭಕ್ತನಿಂದ ಐಕ್ಯನವರೆಗಿನ ಆರು ಸ್ಥಲಗಳನ್ನು ಹೊಂದಿಸಿದ್ದಾರೆ. ಆದುದರಿಂದ ಇದು ಹೊರಗಿನಿಂದ ಬಂದ ವಿದ್ಯೆಯಲ್ಲ. ನಮ್ಮ ಅಥಣಿ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (1836–1921) ಶಿವಯೋಗಕ್ಕೆ ಹೆಸರಾದವರು. ಇಷ್ಟಲಿಂಗವನ್ನು ಎಡಗೈಯಲ್ಲಿ ಹಿಡಿದು, ದೃಷ್ಟಿ ನಿಲ್ಲಿಸಿ ಪೂಜೆಗೆ ಕುಳಿತವರನ್ನು ನೋಡಿರಿ. ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಉಸಿರು ತಾನಾಗಿ ಸಣ್ಣಗಾಗುತ್ತದೆ. ಯಾರೂ ಅವರಿಗೆ ಮೂಗು ಒತ್ತಿಕೊಳ್ಳಲು ಹೇಳಿರುವುದಿಲ್ಲ.

ಹಾಗಾದರೆ ಉಸಿರಿನ ಗಾಳಿ ನಿಜವಾಗಿಯೂ ಬೆನ್ನಿನಲ್ಲಿ ಏರುತ್ತದೆಯೇ? ಏರುವುದಿಲ್ಲ. ಗಾಳಿಯು ಗಂಟಲಿನಿಂದ ಪುಪ್ಪುಸಕ್ಕೆ ಹೋಗುತ್ತದೆ, ಅಲ್ಲಿಂದಲೇ ಹಿಂದಿರುಗುತ್ತದೆ. ಬೆನ್ನೆಲುಬು ಬಾವಿಯ ಮೋಟರಿನ ಪೈಪಲ್ಲ. ಆರ್ಯಸಮಾಜವನ್ನು ಕಟ್ಟಿದ ದಯಾನಂದ ಸರಸ್ವತಿಯವರು ತಾರುಣ್ಯದಲ್ಲಿ ಇದೇ ಸಂದೇಹದಿಂದ ಗಂಗೆಯಲ್ಲಿ ತೇಲಿಬಂದ ಹೆಣವೊಂದನ್ನು ದಡಕ್ಕೆಳೆದು, ಕೊಯ್ದು ನೋಡಿದರು. ಗ್ರಂಥದಲ್ಲಿ ಬರೆದ ಚಕ್ರಗಳು ಅಲ್ಲಿ ಕಾಣಲಿಲ್ಲ. ಆ ಗ್ರಂಥಗಳನ್ನು ಹರಿದು ಹೆಣದೊಡನೆಯೇ ಹೊಳೆಗೆ ಎಸೆದುದಾಗಿ ಅವರೇ ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ.

ಪರೀಕ್ಷೆ ಮಾಡಿ ನೋಡಿದ ಅವರ ಧೈರ್ಯ ದೊಡ್ಡದು. ಆದರೆ ಗ್ರಂಥವನ್ನು ಎಸೆದದ್ದು ಅವಸರವಾಯಿತೆಂದು ನನಗೆ ತೋರುತ್ತದೆ. ನಿಮ್ಮ ಹೊಲದ ಸರ್ವೇ ನಕ್ಷೆಯಲ್ಲಿ ಗೆರೆಗಳಿವೆ. ಮಣ್ಣು ಅಗೆದರೆ ಆ ಗೆರೆ ಸಿಕ್ಕುತ್ತದೆಯೇ? ಸಿಕ್ಕುವುದಿಲ್ಲ, ಆದರೂ ನಕ್ಷೆ ಸುಳ್ಳಲ್ಲ. ಚಕ್ರಗಳು ಸಾಧಕನ ಗಮನ ನಿಲ್ಲುವ ಬಾಂದುಗಲ್ಲುಗಳು. ಬೆನ್ನಿನ ಗುಂಟ ಏರುವುದು ಗಾಳಿಯಲ್ಲ, ಗಮನ. ಇದೊಂದು ಮಾತು ತಿಳಿದರೆ ಉಸಿರನ್ನು ಒತ್ತಿ, ತಳ್ಳಿ, ಕಟ್ಟಿ ಮೇಲೇರಿಸುವ ಹಟವೇ ತಪ್ಪುತ್ತದೆ.

ಇಷ್ಟರಿಂದ ಉಸಿರಿಗೂ ಬೆನ್ನಿಗೂ ಸಂಬಂಧವೇ ಇಲ್ಲವೆಂದು ತಿಳಿಯಬೇಡಿರಿ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಮಾಂಸದ ಪರದೆ ಇದೆ. ಉಸಿರು ಎಳೆದಾಗ ಅದು ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ. ಅದರ ಬೇರುಗಳಂಥ ಎರಡು ಪಟ್ಟಿಗಳು ಟೊಂಕದ ಮೇಲಣ ಎರಡು ಮೂರು ಮಣಿಗಳಿಗೆ ಕಟ್ಟಿಕೊಂಡಿವೆ. ಪಕ್ಕೆಲುಬುಗಳೋ, ಎದೆಯ ಹಿಂದಿನ 12 ಮಣಿಗಳಿಗೆ ಕೂಡಿಕೊಂಡು ಪ್ರತಿ ಉಸಿರಿಗೂ ಅಲುಗುತ್ತವೆ. ಬೆನ್ನು ಬಾಗಿಸಿ ಕುಳಿತರೆ ಹೊಟ್ಟೆ ಮಡಿಸಿ, ವಪೆ ಇಳಿಯಲು ಎಡೆ ಸಿಗುವುದಿಲ್ಲ. ಆಗ ಹೆಗಲು ಎತ್ತಿ ಉಸಿರಾಡುತ್ತೇವೆ. ಇಡೀ ದಿನ ಬಗ್ಗಿ ಕಬ್ಬು ಕಡಿದವನೂ, ದ್ರಾಕ್ಷಿ ಚಪ್ಪರದ ಕೆಳಗೆ ಕೈ ಮೇಲೆತ್ತಿ ಬಳ್ಳಿ ಕತ್ತರಿಸಿದವಳೂ ಸಂಜೆಗೆ ಹೀಗೆಯೇ ಉಸಿರಾಡುತ್ತಿರುತ್ತಾರೆ. ಕುತ್ತಿಗೆ ಬಿಗಿಯುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ತಪ್ಪು ತಿಳುವಳಿಕೆ, ಹೆಚ್ಚು ಉಸಿರು ತುಂಬಿದರೆ ಹೆಚ್ಚು ಪ್ರಾಣವಾಯು ಸಿಗುತ್ತದೆಂಬುದು. 2020 ಮತ್ತು 2021ರಲ್ಲಿ ಕೊರೋನಾ ಬಂದಾಗ ಬೆರಳಿಗೆ ಸಿಕ್ಕಿಸುತ್ತಿದ್ದ ಯಂತ್ರವನ್ನು ನೆನೆಯಿರಿ. ಆರೋಗ್ಯವಂತನಿಗೆ ಅದು ಸುಮ್ಮನೆ ಕುಳಿತಾಗಲೇ 95ರ ಮೇಲೆ ತೋರಿಸುತ್ತಿತ್ತು. ತುಂಬಿದ ಕೊಡಕ್ಕೆ ಮತ್ತೆ ಎಷ್ಟು ಸುರಿಯಲಾದೀತು? ಲಾಭವಿರುವುದು ನಿಧಾನದಲ್ಲಿ. ನಾವು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. 2001ರಲ್ಲಿ ಇಟಲಿಯ ವೈದ್ಯರಾದ ಬೆರ್ನಾರ್ಡಿ ಎಂಬವರೂ ಅವರ ಜೊತೆಯವರೂ 23 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿದರು. ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಹೇಳಿದಾಗಲೂ, ಯೋಗದ ಮಂತ್ರವನ್ನು ಹೇಳಿದಾಗಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ರಕ್ತದ ಒತ್ತಡವನ್ನು ಸರಿದೂಗಿಸುವ ಮೈಯ ಏರ್ಪಾಡು ಚುರುಕಾಯಿತು. ನಮ್ಮ ಭಜನೆಯಲ್ಲಿ ಒಂದು ಸಾಲನ್ನು ಉದ್ದಕ್ಕೆ ಎಳೆದು ಹಾಡುವವರು ಅರಿಯದೆಯೇ ಉಸಿರನ್ನು ಹೀಗೆ ನಿಧಾನಗೊಳಿಸುತ್ತಾರೆ.

ಮಾಡುವ ಕ್ರಮ ಸುಲಭ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ಇಲ್ಲವೆ ಊಟವಾಗಿ ಮೂರು ತಾಸಿನ ಮೇಲೆ, ಕಂಬಳಿಯನ್ನು ಮಡಿಸಿ ಅದರ ಅಂಚಿನ ಮೇಲೆ ಚಕ್ಕಂಬಕ್ಕಲು ಹಾಕಿ ಕೂಡಿರಿ. ಮಂಡಿ ನೋವಿದ್ದವರು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂಡಬಹುದು. ಅದರಿಂದ ಯೋಗಕ್ಕೇನೂ ಕುಂದಿಲ್ಲ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರು ಎಳೆಯುತ್ತ ಗಮನವನ್ನು ಬೆನ್ನಿನ ಬುಡದಿಂದ ಟೊಂಕ, ಎದೆಯ ಹಿಂಭಾಗ, ಕುತ್ತಿಗೆಯವರೆಗೆ ಏರಿಸಿರಿ. ಆರು ಎಣಿಸುವವರೆಗೆ ಬಿಡುತ್ತ ಅದೇ ದಾರಿಯಲ್ಲಿ ಇಳಿಸಿರಿ. ನಡುವೆ ಎಲ್ಲಿಯೂ ಕಟ್ಟಬೇಡಿರಿ. ನಾಲ್ಕು ಕಷ್ಟವಾದರೆ ಮೂರು ಎಣಿಸಿರಿ. ಗಮನ ಬಿತ್ತನೆಯ ಕಡೆಗೋ, ಕಾರಖಾನೆಯಿಂದ ಬರಬೇಕಾದ ಕಬ್ಬಿನ ಬಿಲ್ಲಿನ ಕಡೆಗೋ ಹೋದೀತು, ಹೋಗಲಿ. ಸಿಟ್ಟಾಗದೆ ತಿರುಗಿ ಕರೆತನ್ನಿರಿ. ಮೊದಲ ತಿಂಗಳು ಐದು ನಿಮಿಷ ಸಾಕು.

ಉಸಿರು ಕಟ್ಟುವ ಕುಂಭಕದ ವಿಷಯದಲ್ಲಿ ಮಾತ್ರ ನಾನು ಬಿಗಿಯಾಗಿ ಹೇಳುತ್ತೇನೆ. ಗಂಟಲು ಮುಚ್ಚಿ ತಿಣುಕಿದಾಗ ಎದೆಯೊಳಗೆ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಕಣ್ಣು ಕತ್ತಲೆ ಬಂದು ಮನುಷ್ಯ ಬೀಳಬಹುದು. ಅದನ್ನು ಕುಂಡಲಿನಿ ಎದ್ದಿತೆಂದು ಹೇಳಿಕೊಳ್ಳುವವರಿದ್ದಾರೆ. ಬುಸುಬುಸನೆ ಬೇಗ ಉಸಿರಾಡಿದಾಗ ಬೆರಳು, ತುಟಿ ಜುಮುಗುಟ್ಟುವುದೂ ಶಕ್ತಿಯ ಸಂಚಾರವಲ್ಲ, ರಕ್ತದಲ್ಲಿ ಇಂಗಾಲಾಮ್ಲ ತಗ್ಗಿದ್ದರ ಗುರುತು. ಹಠಯೋಗ ಪ್ರದೀಪಿಕೆಯೇ, ಸಿಂಹ ಆನೆ ಹುಲಿಗಳನ್ನು ಪಳಗಿಸುವಂತೆ ಉಸಿರನ್ನು ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲವಾದರೆ ಸಾಧಕನಿಗೇ ಕೇಡೆಂದು ಎಚ್ಚರಿಸಿದೆ. ಹೊಸ ಹೋರಿಯನ್ನು ಮೊದಲ ದಿನವೇ ತುಂಬಿದ ಗಾಡಿಗೆ ಹೂಡಿದವನು ಇಲ್ಲಿ ಯಾರಿದ್ದೀರಿ?

ರಕ್ತದೊತ್ತಡ, ಹೃದಯದ ಬೇನೆ, ಮೂರ್ಛೆರೋಗ, ಅಂಡವಾಯು ಇದ್ದವರೂ, ಬಸುರಿಯರೂ ಕುಂಭಕವನ್ನಾಗಲಿ ಭಸ್ತ್ರಿಕೆಯನ್ನಾಗಲಿ ಮಾಡಲೇಬಾರದು. ಡಾಕ್ಟರು ಕೊಟ್ಟ ಗುಳಿಗೆಯನ್ನು ಪ್ರಾಣಾಯಾಮದ ಭರವಸೆಯ ಮೇಲೆ ನಿಲ್ಲಿಸಬಾರದು. ಮನೆಯ ದುಡಿಯುವ ಕೈ ಪಾರ್ಶ್ವವಾಯುವಿನಿಂದ ಬಿದ್ದರೆ ಹೊಲ, ಸಾಲ, ಮಕ್ಕಳ ಶಾಲೆ ಎಲ್ಲವೂ ಅದರೊಡನೆ ಬೀಳುತ್ತವೆ. ಟೊಂಕ ನೋವಿನೊಡನೆ ಕಾಲು ಮರಗಟ್ಟಿದರೆ, ಮೂತ್ರ ಕಟ್ಟಿದರೆ, ಅದು ಯೋಗದಿಂದ ನೋಡಿಕೊಳ್ಳುವ ನೋವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು.

ದ್ರಾಕ್ಷಿ ತೋಟದವರಿಗೆ ಒಂದು ಮಾತು. ಔಷಧ ಹೊಡೆದ ದಿನ ಸ್ನಾನ ಮಾಡಿ, ಬಟ್ಟೆ ಬದಲಿಸಿ, ತೋಟದಿಂದ ದೂರ ಬಂದ ಮೇಲೆಯೇ ಉಸಿರಿನ ಅಭ್ಯಾಸಕ್ಕೆ ಕೂಡಿರಿ. ಚಪ್ಪರದ ಕೆಳಗೆ ನೆರಳು ತಂಪಾಗಿದೆಯೆಂದು ಅಲ್ಲಿಯೇ ಕೂಡಬೇಡಿರಿ. ಎದೆಯಲ್ಲಿ ಉಬ್ಬಸ ಬಂದರೆ ಡಾಕ್ಟರಿಗೆ ಯಾವ ಔಷಧ ಹೊಡೆದಿರೆಂಬುದನ್ನೂ ಹೇಳಿರಿ, ಡಬ್ಬಿಯ ಚೀಟಿಯನ್ನು ಒಯ್ದು ತೋರಿಸಿದರೆ ಇನ್ನೂ ಒಳ್ಳೆಯದು.

ಈಗ ಮಾತು ಸಾಕು. ಕಂಬಳಿ ತಂದವರು ಮಡಿಸಿ ಹಾಸಿರಿ, ಹಿಂದಿನವರು ಗೋಡೆಗೆ ಸ್ವಲ್ಪ ಸರಿಯಿರಿ. ಹಣ್ಣಾದ ಹಿರಿಯರು ಕಟ್ಟೆಯ ಮೇಲೆಯೇ ಇರಲಿ. ನಾನು ಎಣಿಸುತ್ತೇನೆ; ಹನ್ನೆರಡು ಉಸಿರು ಮಾಡೋಣ.