ಉದ್ಯೋಗಕ್ಕೆ ಬೇಕಾದ ಬರವಣಿಗೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಎರಡು ಮಾತನಾಡಲು ಅವಕಾಶ ಕೊಟ್ಟಿದ್ದೀರಿ, ಕೃತಜ್ಞತೆಗಳು. ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಊರಿಗೆ ಬಂದಾಗಲೆಲ್ಲ ತಂದೆ ತಾಯಂದಿರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಯಾವ ಕೋರ್ಸ್ ಮಾಡಿಸಿದ್ರೆ ಕೆಲಸ ಸಿಗುತ್ತಪ್ಪ?" ಜಾವಾ, ಪೈಥಾನ್ ಎಂಬ ಉತ್ತರವನ್ನು ಅವರು ನಿರೀಕ್ಷಿಸುತ್ತಾರೆ. ಅವೂ ಬೇಕು. ಆದರೆ ಒಂದೇ ಕೋರ್ಸ್ ಮಾಡಿದ ಹತ್ತು ಜನರಲ್ಲಿ ಒಬ್ಬರನ್ನು ಆರಿಸಿಕೊಳ್ಳುವಾಗ ನೋಡುವ ಇನ್ನೊಂದು ಗುಣವಿದೆ. ಅದು ಬರವಣಿಗೆ.

ಬರವಣಿಗೆ ಎಂದರೆ ಇಲ್ಲಿ ಕಥೆ, ಕವನವಲ್ಲ. ಎದುರಿಗಿಲ್ಲದ ಒಬ್ಬರು ನಾವು ಬರೆದದ್ದನ್ನು ಓದಿ, ಮತ್ತೆ ನಮಗೆ ಫೋನ್ ಮಾಡಿ ಕೇಳುವ ಅಗತ್ಯವಿಲ್ಲದೆ ಕೆಲಸ ಮಾಡುವಂತೆ ಬರೆಯುವುದು. ಇಷ್ಟೇ.

ನಮ್ಮ ಕಡೆಯ ಉದಾಹರಣೆಯನ್ನೇ ಹೇಳುತ್ತೇನೆ. ಬಂಡೀಪುರದ ಅಂಚಿನ ಹಂಗಳ, ಮಂಗಲದ ಕಡೆಯವರಿಗೆ ಆನೆ ಕಾಟ ಹೊಸದಲ್ಲ. ರಾತ್ರಿ ಆನೆ ನುಗ್ಗಿ ಕುಯ್ಲಿಗೆ ಬಂದ ರಾಗಿಯನ್ನು ತುಳಿದು ಹೋಯಿತು ಎಂದುಕೊಳ್ಳಿ. ಒಬ್ಬರು ಹೀಗೆ ಅರ್ಜಿ ಬರೆಯುತ್ತಾರೆ: "ಕಾಡಾನೆಗಳ ಹಾವಳಿಯಿಂದ ಬಡ ರೈತನಾದ ನನಗೆ ಅಪಾರ ನಷ್ಟವಾಗಿದ್ದು, ತಾವು ದಯಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ." ಇನ್ನೊಬ್ಬರು ಯಾವ ದಿನ, ಯಾವ ಸರ್ವೆ ನಂಬರ್, ಯಾವ ಬೆಳೆ, ಎಷ್ಟು ಎಕರೆ ಎಷ್ಟು ಗುಂಟೆ, ಯಾರು ನೋಡಿದರು, ಏನು ಪರಿಹಾರ ಕೋರುತ್ತಿದ್ದೇವೆ ಎಂದು ಬರೆದು, ಪಹಣಿ ಮತ್ತು ಫೋಟೋ ಲಗತ್ತಿಸುತ್ತಾರೆ. ಇಬ್ಬರ ಕಷ್ಟವೂ ನಿಜವೇ. ಆದರೆ ಮೊದಲನೆಯ ಅರ್ಜಿ ಓದಿದ ಅಧಿಕಾರಿಗೆ ಎಲ್ಲಿಗೆ ಹೋಗಿ ಏನು ನೋಡಬೇಕೆಂದೇ ತಿಳಿಯುವುದಿಲ್ಲ. ಎರಡನೆಯದನ್ನು ಹಿಡಿದು ಅವರು ಜಮೀನಿಗೆ ಹೊರಡಬಹುದು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ಅರ್ಜಿ ಬೇರೆ ಹೆಸರಿನಲ್ಲಿದೆ. ಪ್ರೋಗ್ರಾಮಿನಲ್ಲಿ ದೋಷ ಕಂಡರೆ ಬಗ್ ರಿಪೋರ್ಟ್ ಬರೆಯಬೇಕು. ಹೊಸದಾಗಿ ಸೇರಿದವರು ಅನೇಕರು "ಆ್ಯಪ್ ಕೆಲಸ ಮಾಡುತ್ತಿಲ್ಲ, ಬೇಗ ನೋಡಿ" ಎಂದು ಬರೆಯುತ್ತಾರೆ. ಅದನ್ನು ಓದುವವನು ಬೇರೆ ದೇಶದಲ್ಲಿರಬಹುದು, ಅಲ್ಲಿ ಆಗ ರಾತ್ರಿಯಾಗಿರಬಹುದು. ಒಂದು ಪ್ರಶ್ನೆ ಕೇಳಿ ಉತ್ತರ ಪಡೆಯುವಷ್ಟರಲ್ಲಿ ಒಂದು ದಿನ ಕಳೆಯುತ್ತದೆ. ಚೆನ್ನಾಗಿ ಬರೆಯುವವರು ಯಾವ ಫೋನ್, ಯಾವ ಆವೃತ್ತಿ, ಯಾವ ಗುಂಡಿ ಒತ್ತಿದಾಗ, ಏನಾಗಬೇಕಿತ್ತು, ಏನಾಯಿತು ಎಂದು ಸಾಲಾಗಿ ಬರೆದು ಪರದೆಯ ಚಿತ್ರ ಲಗತ್ತಿಸುತ್ತಾರೆ. ಆನೆ ತುಳಿದ ಹೊಲದ ಅರ್ಜಿಗೂ ಇದಕ್ಕೂ ಎಲುಬಿನ ಗೂಡು ಒಂದೇ.

ತಮ್ಮ ತಂಗಿಯರೇ, ಈ ಎಲುಬಿನ ಗೂಡನ್ನು ನಿಮಗೆ ಈ ಶಾಲೆಯಲ್ಲೇ ಕಲಿಸುತ್ತಾರೆ. ಕನ್ನಡ ಪರೀಕ್ಷೆಯಲ್ಲಿ ಪತ್ರಲೇಖನ ಬರುತ್ತದಲ್ಲವೇ? ಇವರಿಂದ, ಇವರಿಗೆ, ವಿಷಯ, ಒಡಲು, ಸ್ಥಳ, ದಿನಾಂಕ. ಕಚೇರಿ ಪತ್ರಗಳಲ್ಲಿ ಉಲ್ಲೇಖ ಮತ್ತು ಲಗತ್ತುಗಳೂ ಇರುತ್ತವೆ. ಈಗ ಇ-ಮೇಲ್ ತೆರೆದು ನೋಡಿ. ಯಾರಿಗೆ ಎಂಬ ಸಾಲು, ವಿಷಯದ ಸಾಲು, ಲಗತ್ತು ಹಾಕುವ ಗುರುತು ಎಲ್ಲವೂ ಅಲ್ಲಿವೆ. ಅಂಕಕ್ಕಾಗಿ ಬಾಯಿಪಾಠ ಮಾಡಿ ಮರೆಯುವ ವಿಷಯ ಇದಲ್ಲ. "ವಿಷಯ" ಎಂಬ ಒಂದು ಸಾಲನ್ನು ಸರಿಯಾಗಿ ಬರೆಯಲು ಬಂದರೆ, ನಮಗೆ ಏನು ಬೇಕೆಂದು ನಮಗೇ ತಿಳಿದಿದೆ ಎಂದು ಅರ್ಥ.

ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಅಮೆರಿಕದ ಕಾಲೇಜ್ ಬೋರ್ಡ್ ಸ್ಥಾಪಿಸಿದ ಬರವಣಿಗೆ ಆಯೋಗವು 120 ದೊಡ್ಡ ಕಂಪನಿಗಳಿಗೆ ಪ್ರಶ್ನೆಗಳನ್ನು ಕಳುಹಿಸಿ 2004ರಲ್ಲಿ ವರದಿ ಪ್ರಕಟಿಸಿತು. ಉತ್ತರಿಸಿದ ಕಂಪನಿಗಳಲ್ಲಿ ಅರ್ಧದಷ್ಟು, ವೃತ್ತಿಪರ ಉದ್ಯೋಗಿಗಳನ್ನು ಆರಿಸುವಾಗ ಬರವಣಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಎಂದವು. ಅಮೆಜಾನ್ ಕಂಪನಿಯ ಸ್ಥಾಪಕ ಜೆಫ್ ಬೆಜೋಸ್ ತಮ್ಮ 2017ನೇ ಸಾಲಿನ ಷೇರುದಾರರ ಪತ್ರದಲ್ಲಿ, ತಮ್ಮಲ್ಲಿ ಸಭೆಗೆ ಪವರ್‌ಪಾಯಿಂಟ್ ಬಳಸುವುದಿಲ್ಲ, ಆರು ಪುಟಗಳ ಬರಹ ಸಿದ್ಧಪಡಿಸುತ್ತೇವೆ, ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಅದನ್ನು ಓದುತ್ತೇವೆ ಎಂದು ಬರೆದಿದ್ದಾರೆ.

ಎಲ್ಲರೂ ಬೆಂಗಳೂರಿಗೇ ಬರಬೇಕೆಂದು ನಾನು ಹೇಳುತ್ತಿಲ್ಲ. ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಲ್ಲೋ ನಂಜನಗೂಡಿನಲ್ಲೋ ಸೂಪರ್‌ವೈಸರ್ ಆದರೆ, ಯಾವ ಯಂತ್ರ ಎಷ್ಟು ಹೊತ್ತು ನಿಂತಿತ್ತು ಎಂದು ಮುಂದಿನ ಪಾಳಿಯವರಿಗೆ ಬರೆದಿಡಬೇಕು. ಚಾಮರಾಜನಗರದ ಆಸ್ಪತ್ರೆಯಲ್ಲಿ ನರ್ಸ್ ಆದರೆ, ಯಾವ ರೋಗಿಗೆ ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟಾಯಿತು ಎಂದು ಬರೆಯಬೇಕು. ಅಲ್ಲಿ ಒಂದು ಸಾಲು ಬಿಟ್ಟುಹೋದರೆ ಜೀವಕ್ಕೇ ಅಪಾಯ. ಪಿಡಿಒ ಆದರೆ ಗ್ರಾಮ ಸಭೆಯ ನಡಾವಳಿ ಬರೆಯಬೇಕು. ಗುಂಡ್ಲುಪೇಟೆಯಲ್ಲಿ ನಿಮ್ಮದೇ ಚೆಂಡುಹೂವಿನ ವ್ಯಾಪಾರ ಮಾಡಿದರೂ ದರ, ತೂಕ, ಹಣ ಕೊಡುವ ದಿನವನ್ನು ಬರೆದುಕೊಂಡವರಿಗೆ ಜಗಳ ಕಡಿಮೆ.

ಇನ್ನು ನಿಮ್ಮ ಮನಸ್ಸಿನಲ್ಲಿರುವ ಭಯಕ್ಕೆ ಬರುತ್ತೇನೆ. "ನಾವು ಕನ್ನಡ ಮಾಧ್ಯಮದವರು, ನಮಗೆ ಇಂಗ್ಲಿಷ್ ಬರೋದಿಲ್ಲ" ಎಂದು ಕ್ಯಾಂಪಸ್ ಸಂದರ್ಶನಕ್ಕೆ ಮುಂಚೆಯೇ ಸೋತು ಕುಳಿತ ಹುಡುಗ ಹುಡುಗಿಯರನ್ನು ನೋಡಿದ್ದೇನೆ. ಲೆಕ್ಕದಲ್ಲಿ, ಪ್ರೋಗ್ರಾಮಿನಲ್ಲಿ ಅವರು ಯಾರಿಗೂ ಕಡಿಮೆ ಇರಲಿಲ್ಲ. ಇಂಗ್ಲಿಷ್ ಬೇಕು, ಬೇಡವೆಂದು ನಿಮಗೆ ಸುಳ್ಳು ಹೇಳಲಾರೆ. ಆದರೆ ಬರವಣಿಗೆಯಲ್ಲಿ ಎರಡು ಕೆಲಸಗಳಿವೆ. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದು ಒಂದು. ಅದನ್ನು ಒಂದು ಭಾಷೆಯಲ್ಲಿ ಇಡುವುದು ಇನ್ನೊಂದು. ಕಷ್ಟದ ಕೆಲಸ ಮೊದಲನೆಯದು. ಅದನ್ನು ಕನ್ನಡದಲ್ಲೇ ಕಲಿಯಬಹುದು, ಕನ್ನಡದಲ್ಲೇ ಚೆನ್ನಾಗಿ ಕಲಿಯಬಹುದು. ಆಮೇಲೆ ಹತ್ತು ಪದಗಳ ಚಿಕ್ಕ ಇಂಗ್ಲಿಷ್ ವಾಕ್ಯಗಳು ಸಾಕು. ದೊಡ್ಡ ಪದಗಳನ್ನು ಕಂಪನಿಯವರು ಕೇಳುವುದಿಲ್ಲ.

"ಈಗ ಎಲ್ಲವನ್ನೂ ಚಾಟ್‌ಜಿಪಿಟಿ ಬರೆದುಕೊಡುತ್ತದಲ್ಲ ಅಣ್ಣ" ಎಂದು ನೀವು ಕೇಳಬಹುದು. ವ್ಯಾಕರಣ ತಿದ್ದಿಸಿಕೊಳ್ಳಿ, ತಪ್ಪಿಲ್ಲ. ಆದರೆ ನಿಮ್ಮ ಹೊಲದ ಸರ್ವೆ ನಂಬರ್ ಅದಕ್ಕೆ ಗೊತ್ತಿಲ್ಲ. ನಿನ್ನೆ ಸಂಜೆ ಯಂತ್ರ ಏಕೆ ನಿಂತಿತೆಂದು ಅದು ನೋಡಿಲ್ಲ. ನೋಡಿದವರು ನೀವು, ಹೇಳಬೇಕಾದವರೂ ನೀವೇ. ನೀವು ಕೊಡದ ವಿವರವನ್ನು ಅದು ಊಹಿಸಿ ಬರೆದರೆ, ಕೆಳಗೆ ಸಹಿ ಮಾತ್ರ ನಿಮ್ಮದಾಗಿರುತ್ತದೆ.

ಕೊನೆಯದಾಗಿ ಎರಡು ವಿನಂತಿ. ಗುರುಗಳಲ್ಲಿ ಮೊದಲನೆಯದು: ಹತ್ತನೇ ತರಗತಿಯ ಪ್ರತಿ ವಿದ್ಯಾರ್ಥಿಯೂ ವರ್ಷಕ್ಕೆ ಒಂದಾದರೂ ನಿಜವಾದ ಪತ್ರ ಬರೆಯುವಂತೆ ಮಾಡಿ. ಕೆಟ್ಟ ಬೀದಿದೀಪದ ಬಗ್ಗೆ ಪಂಚಾಯಿತಿಗೆ, ಶಾಲೆಯ ಹೊತ್ತಿಗೆ ಬಾರದ ಬಸ್ಸಿನ ಬಗ್ಗೆ ಡಿಪೋ ವ್ಯವಸ್ಥಾಪಕರಿಗೆ. ಕಂಬದ ನಂಬರ್, ಬಸ್ಸಿನ ವೇಳೆ ಬರೆಯಲಿ, ಪ್ರತಿ ಇಟ್ಟುಕೊಳ್ಳಲಿ, ಉತ್ತರಕ್ಕಾಗಿ ಕಾಯಲಿ. ಕೆಲಸ ಆದರೆ ಬರವಣಿಗೆಯ ಬೆಲೆ ಅವರಿಗೆ ತಾನಾಗಿ ತಿಳಿಯುತ್ತದೆ. ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಎರಡನೆಯದು: ಕಂಪ್ಯೂಟರ್, ಬೆಂಚು ಕೊಡುವುದರ ಜೊತೆಗೆ ತಿಂಗಳಿಗೆ ಒಂದು ಗಂಟೆ ಸಮಯವನ್ನೂ ಕೊಡೋಣ. ಈ ಮಕ್ಕಳು ಬರೆದದ್ದನ್ನು ಓದಿ, "ಇದು ನನಗೆ ಅರ್ಥವಾಗಲಿಲ್ಲ, ಎಲ್ಲಿ, ಯಾವಾಗ?" ಎಂದು ಕೇಳೋಣ. ಮೊದಲ ಐದು ಪತ್ರಗಳನ್ನು ಓದುವ ಹೊಣೆ ನನ್ನದು.