ಯೋಗ ಮತ್ತು ಕ್ಷೇಮ

(ಸಾರಥಿ ಗ್ರಾಮದ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ಊರಿನ ಹಿರಿಯರು ನಮ್ಮಲ್ಲಿ ಒಂದು ಬಿನ್ನಹ ಮಾಡಿಕೊಂಡಿದ್ದಾರೆ. ದಿಕ್ಕಿಲ್ಲದ ವೃದ್ಧರಿಗಾಗಿ ಇಲ್ಲಿ ಒಂದು ಆಶ್ರಯಧಾಮವಾಗಬೇಕು, ಅದರ ಅಡಿಗಲ್ಲು ನಮ್ಮ ಹಸ್ತದಿಂದ ಬೀಳಬೇಕು ಎಂಬುದು ಅವರ ಅಪೇಕ್ಷೆ. ಒಬ್ಬರು ಜಾಗ ಕೊಡುತ್ತೇವೆಂದಿದ್ದಾರೆ, ಒಬ್ಬರು ಇಟ್ಟಿಗೆ, ಮತ್ತೊಬ್ಬರು ವರ್ಷಕ್ಕಾಗುವಷ್ಟು ಭತ್ತ. ಕೇಳಿ ನಮಗೆ ಪರಮಾನಂದವಾಯಿತು. ಆದರೆ ಗುದ್ದಲಿ ನೆಲಕ್ಕೆ ತಾಗುವ ಮುಂಚೆ ಒಂದು ಮಾತನ್ನು ಎಲ್ಲರೂ ಕೂಡಿ ವಿಚಾರ ಮಾಡಬೇಕು.

ಹಿಂದೆ ಕಾಗದ ಬರೆಯುವಾಗ ಯೋಗಕ್ಷೇಮಕ್ಕೆ ಬರೆಯಿರಿ ಎಂದು ಕೊನೆಗೆ ಸೇರಿಸುತ್ತಿದ್ದರು. ಅದು ಒಂದು ಶಬ್ದವಲ್ಲ, ಎರಡು. ಇಲ್ಲದ್ದನ್ನು ದೊರಕಿಸಿಕೊಳ್ಳುವುದು ಯೋಗ; ದೊರಕಿದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಹಸು ಕೊಳ್ಳುವುದು ಯೋಗ, ಅದಕ್ಕೆ ಹೊತ್ತುಹೊತ್ತಿಗೆ ಹುಲ್ಲು ನೀರು ತೋರಿಸುವುದು ಕ್ಷೇಮ. ಸೂರಿಲ್ಲದವನಿಗೆ ಸೂರು ಕೊಟ್ಟಿರಿ, ಯೋಗವಾಯಿತು. ಆ ಸೂರಿನ ಕೆಳಗೆ ಅವನು ಸುರಕ್ಷಿತನಾಗಿದ್ದಾನೆಯೇ ಎಂದು ನಾಳೆ, ನಾಡಿದ್ದು, ಹತ್ತು ವರ್ಷದ ಮೇಲೆ ನೋಡುವವರು ಯಾರು? ಯೋಗಕ್ಕೆ ಫಲಕವುಂಟು, ಹಾರವುಂಟು, ಹೆಸರುಂಟು. ಕ್ಷೇಮಕ್ಕೆ ಇವು ಯಾವುವೂ ಇಲ್ಲ. ಆದುದರಿಂದಲೇ ಯೋಗ ಮಾಡುವವರು ಬಹಳ, ಕ್ಷೇಮ ನೋಡುವವರು ವಿರಳ.

ನಿಮ್ಮ ಊರಿನ ಹೆಸರು ಸಾರಥಿ. ಕಠೋಪನಿಷತ್ತು ಶರೀರವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ಹೇಳಿದೆ. ಮುಪ್ಪಿನಲ್ಲಿ ರಥದ ಅಚ್ಚು ಸವೆಯುತ್ತದೆ, ಕುದುರೆಗಳು ಮಾತು ಕೇಳುವುದಿಲ್ಲ. ಕೆಲವರಿಗೆ ಒಳಗಿನ ಸಾರಥಿಗೂ ಮಂಪರು ಕವಿಯುತ್ತದೆ. ಆಗ ಹೊರಗಿನಿಂದ ಒಬ್ಬ ಸಾರಥಿ ಬೇಕು. ಸಾರಥಿಯ ಲಕ್ಷಣವೇನು? ರಥ ತನ್ನದಲ್ಲ, ಪ್ರಯಾಣ ತನ್ನದಲ್ಲ. ಆದರೂ ಕಣ್ಣು ಮಾತ್ರ ದಾರಿಯನ್ನು ಬಿಟ್ಟು ಕದಲಬಾರದು. ಆ ಕಣ್ಣು ಮುಚ್ಚಿದ ಕಡೆಯಲ್ಲಿ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವುಂಟು.

2010ರ ಆಗಸ್ಟ್ ತಿಂಗಳು. ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅನೇಕರು ವಾಂತಿಭೇದಿಯಿಂದ ಬಳಲಿದ್ದರು. ಸುದ್ದಿ ಹೊರಬಿದ್ದ ಮೇಲೆ ವೈದ್ಯರು ಬಂದರು, ಅಧಿಕಾರಿಗಳು ಬಂದರು. ಅವರು ಬಂದುದರಿಂದ ಸತ್ತ ಒಂದು ಜೀವ ಎದ್ದು ಬಂದೀತೆ? ಅಲ್ಲಿ ಸೂರಿತ್ತು, ಗೋಡೆಯಿತ್ತು, ಅನ್ನವಿತ್ತು. ಯೋಗಕ್ಕೆ ಕೊರತೆಯಿರಲಿಲ್ಲ, ಕ್ಷೇಮವಿರಲಿಲ್ಲ.

ಅದು ಸರ್ಕಾರದ್ದು, ನಮಗೇನು ಎನ್ನಬೇಡಿ. ಭಿಕ್ಷಾಟನೆಯನ್ನು ನಿಷೇಧಿಸುವ 1975ರ ಕಾಯಿದೆಯಂತೆ ಮನೆಗಂದಾಯದೊಂದಿಗೆ ಶೇಕಡಾ 3ರಷ್ಟು ಭಿಕ್ಷುಕರ ಕರವನ್ನು ನೀವೇ ಕಟ್ಟುತ್ತೀರಿ. ಅಲ್ಲಿ ಬೇಯುವ ಅನ್ನದಲ್ಲಿ ನಿಮ್ಮ ಕಾಳೂ ಇದೆ. ದಾವಣಗೆರೆಯ ಹತ್ತಿರ ತುರ್ಚಘಟ್ಟದಲ್ಲಿಯೂ ಅಂಥ ಒಂದು ಕೇಂದ್ರವುಂಟು. ಈ ಸಭೆಯಲ್ಲಿ ಕುಳಿತವರಲ್ಲಿ ಅದರ ಬಾಗಿಲು ದಾಟಿದವರು ಎಷ್ಟು ಮಂದಿ? ದುಡ್ಡು ಕೊಟ್ಟು ಮರೆತೆವು, ದುಡ್ಡಿಗೆ ಕಣ್ಣಿಲ್ಲ.

ಇನ್ನು ಕೆಲವರು, ಸುರಕ್ಷಿತವಾಗಿಡುವುದೆಂದರೆ ಬೀಗ ಹಾಕುವುದೆಂದು ತಿಳಿದಿದ್ದಾರೆ. ಅರಿವು ತಪ್ಪಿದ ಮುದುಕ ಹೊರಗೆ ಹೋಗಿಬಿಟ್ಟಾನೆಂದು ರಾತ್ರಿ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗುತ್ತಾರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಒಂದು ಚಪ್ಪರಕ್ಕೆ ಬೆಂಕಿ ಬಿತ್ತು. ಓಡಿಹೋಗದಿರಲೆಂದು ಅವರನ್ನು ಸರಪಳಿಯಿಂದ ಕಟ್ಟಲಾಗಿತ್ತು. 28 ಮಂದಿ ಸತ್ತರು. ಕಾಪಾಡಲೆಂದು ಹಾಕಿದ ಸರಪಳಿಯೇ ಕೊಂದಿತು. ಮನೋರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು 2017ರ ಕಾಯಿದೆ ನಿಷೇಧಿಸಿದೆ. ಬೀಗವೆಂಬುದು ಕಾಯುವವನ ನಿದ್ರೆಗೆ ಅನುಕೂಲ, ಒಳಗಿದ್ದವನಿಗೆ ಅಲ್ಲ. ಬಾಗಿಲು ಬೇಕು, ಬಾಗಿಲ ಬಳಿ ಎಚ್ಚರವಾಗಿರುವ ಮನುಷ್ಯನೂ ಬೇಕು.

ಹಾಗಾದರೆ ಕ್ಷೇಮವೆಂದರೆ ಏನು ಮಾಡಬೇಕು, ಬುದ್ಧೀ, ಎಂದು ಕೇಳುವಿರಿ. ಅದು ಬಹಳ ಚಿಕ್ಕ ಚಿಕ್ಕ ಕೆಲಸಗಳಲ್ಲಿದೆ. ಮುದುಕರು ಬೀಳುವುದು ಬೆಟ್ಟ ಹತ್ತುವಾಗಲ್ಲ, ಬಚ್ಚಲಿನಲ್ಲಿ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರಲ್ಲಿ ಎಷ್ಟೋ ಮಂದಿ ಮೇಲೇಳುವುದೇ ಇಲ್ಲ. ಆದುದರಿಂದ ನಯವಾದ ಹೊಳೆಯುವ ಕಲ್ಲು ಬೇಡ; ಒರಟು ನೆಲವಿರಲಿ, ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಕಂಬಿಯಿರಲಿ, ಬಾಗಿಲು ಹೊರಗಿನಿಂದಲೂ ತೆರೆಯುವಂತಿರಲಿ, ಹಾಸಿಗೆಯಿಂದ ಅಲ್ಲಿಯವರೆಗೆ ರಾತ್ರಿಯೆಲ್ಲ ಒಂದು ಸಣ್ಣ ದೀಪ ಉರಿಯಲಿ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕಡಿಮೆಯಾಗುತ್ತದೆ. ಕೇಳಲಿಲ್ಲವೆಂದು ನೀರು ಕೊಡದೆ ಬಿಡಬಾರದು. ಭೇದಿಯಾದರೆ ಆ ಕ್ಷಣದಿಂದಲೇ ಓಆರ್‌ಎಸ್ ನೀರು ಕುಡಿಸಿ ವೈದ್ಯರಿಗೆ ಹೇಳಿ ಕಳಿಸಬೇಕು. ಮಲಗಿದವರ ಬಾಯಿಗೆ ಅನ್ನವಿಡಬಾರದು, ಎಬ್ಬಿಸಿ ಕೂರಿಸಿ ಉಣಿಸಬೇಕು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಒಬ್ಬರ ಮಾತ್ರೆ ಮತ್ತೊಬ್ಬರ ಹೊಟ್ಟೆಗೆ ಹೋಗದಂತೆ ಹೆಸರು ಬರೆದ ಡಬ್ಬಿಗಳಿರಬೇಕು.

ಇದೆಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಒಂದು ಗದರಿಕೆ, ಒಂದು ಏಟು, ಬೇಕೆಂದೇ ತಡ ಮಾಡಿದ ಊಟ. ಮುದುಕಿ ಯಾರಿಗೆ ಹೇಳಬೇಕು? ಹೇಳಿದರೆ ನಾಳೆಯ ಅನ್ನಕ್ಕೂ ಅದೇ ಕೈಯನ್ನು ನಂಬಬೇಕಲ್ಲ ಎಂದು ಆಕೆ ಸುಮ್ಮನಾಗುತ್ತಾಳೆ. ವೃದ್ಧರ ಸಹಾಯಕ್ಕಾಗಿ 14567 ಎಂಬ ಉಚಿತ ದೂರವಾಣಿಯುಂಟು. ಅದನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ. ಆದರೆ ಫೋನು ಹಿಡಿಯಲಾರದ ಕೈಗೆ ಸಂಖ್ಯೆಯಿಂದೇನು? ಪಕ್ಕದಲ್ಲಿ ಬಂದು ಕೂತು, ಅವ್ವಾ, ನಿನ್ನೆ ಉಂಡೆಯಾ, ನಿದ್ರೆ ಬಂತೆ ಎಂದು ಕೇಳುವ ಹೊರಗಿನ ಒಬ್ಬರು ಬೇಕು. ಹೊರಗಿನವರು ದಿನಾ ಬರುವ ಮನೆಯಲ್ಲಿ ಏಟು ಕೊಡುವ ಕೈ ತಾನೇ ಹಿಂಜರಿಯುತ್ತದೆ. ಹಾಗೆಂದು ಆರೈಕೆ ಮಾಡುವವರನ್ನು ಕಳ್ಳರಂತೆ ನೋಡಬೇಡಿ. ಒಬ್ಬಳೇ ಹೆಣ್ಣುಮಗಳ ಮೇಲೆ ಮೂವತ್ತು ಮಂದಿಯನ್ನು ಹೊರಿಸಿ, ಸಂಬಳವನ್ನೂ ತಡಮಾಡಿ, ಆಮೇಲೆ ಆಕೆಗೆ ಸಹನೆಯಿಲ್ಲವೆಂದರೆ ತಪ್ಪು ಯಾರದು? ಮಲಮೂತ್ರ ಬಳಿಯುವುದು ದೊಡ್ಡ ಕಾಯಕ. ಅದಕ್ಕೆ ತಕ್ಕ ಕೂಲಿ, ತಕ್ಕ ವಿಶ್ರಾಂತಿ, ತಕ್ಕ ಗೌರವ ಸಲ್ಲಬೇಕು.

ಈ ಊರಿಗೆ ಇನ್ನೊಂದು ವಿಶೇಷ ಎಚ್ಚರ ಬೇಕು. ತುಂಗಭದ್ರೆ ತುಂಬಿ ಹರಿದಾಗ ಸಾರಥಿ ಮತ್ತು ಚಿಕ್ಕಬಿದರಿಯ ನಡುವಿನ ದಾರಿ ಮುಳುಗುವುದನ್ನು ನೀವು ಬಲ್ಲಿರಿ. ಕಾಲಿದ್ದವನು ಸುತ್ತುಹಾಕಿ ಹೋದಾನು, ಹಾಸಿಗೆಯಲ್ಲಿದ್ದವನು ಹೋದಾನೆಯೇ? ಆದುದರಿಂದ ಕಟ್ಟಡ ಎತ್ತರದ ನೆಲದಲ್ಲಾಗಲಿ. ಮಳೆಗಾಲ ಹಿಡಿಯುವ ಮುಂಚೆ ಹದಿನೈದು ದಿನದ ಔಷಧಿ ಒಳಗಿರಲಿ. ಯಾರನ್ನು ಯಾರು ಹೊತ್ತು ಹೊರಗೆ ತರಬೇಕು ಎಂಬುದು ಹೆಸರು ಹಿಡಿದು ನಿಶ್ಚಯವಾಗಿರಲಿ.

ಇಂಥ ಧಾಮವಾಯಿತೆಂದು ಮಕ್ಕಳು ತಂದೆತಾಯಿಗಳನ್ನು ತಂದು ಬಿಟ್ಟುಹೋಗುವ ಹಾದಿಯೂ ಆಗಬಾರದು. ಪೋಷಣೆ ಮಾಡಬೇಕಾದವರು ಹಿರಿಯರನ್ನು ತೊರೆದರೆ ಮೂರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ 2007ರ ಕಾಯಿದೆ ವಿಧಿಸಿದೆ. ಕಾಯಿದೆಗೆ ಅಂಜಿ ಸಾಕುವ ಕಾಲ ಬಂದುದಕ್ಕೆ ನಾವು ನೊಂದುಕೊಳ್ಳಬೇಕು. ಮಕ್ಕಳಿದ್ದೂ ಅಲ್ಲಿರಬೇಕಾಗಿ ಬಂದವರಿದ್ದರೆ, ಆ ಮಕ್ಕಳು ತಿಂಗಳಿಗೊಮ್ಮೆಯಾದರೂ ಬಂದು ಮುಖ ತೋರಿಸಲೇಬೇಕೆಂದು ನಿಯಮ ಮಾಡಿರಿ.

ಈಗ ನಮ್ಮ ಮಾತು ಇಷ್ಟೇ. ಅಡಿಗಲ್ಲಿಗೆ ನಾವು ಬರುತ್ತೇವೆ. ಆದರೆ ಕಲ್ಲಿನ ಮುಂಚೆ ಒಂದು ಪುಸ್ತಕವಾಗಲಿ. ವರ್ಷದ ಪ್ರತಿಯೊಂದು ದಿನಕ್ಕೂ ಊರಿನ ಎರಡು ಮನೆಗಳ ಹೆಸರು ಅದರಲ್ಲಿ ಬರೆಯಿರಿ. ಆ ದಿನ ಆ ಮನೆಯವರು ಹೇಳದೆ ಕೇಳದೆ ಹೋಗಿ, ಅಲ್ಲಿಯ ಅಡುಗೆಯನ್ನೇ ಉಂಡು, ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿ, ಕಂಡದ್ದನ್ನು ಬರೆದು ಸಹಿ ಮಾಡಿ ಬರಬೇಕು. ಇಟ್ಟಿಗೆ ಕೊಡುವ ಶ್ರೀಮಂತನಿಗೂ ಇದು ಬಿಡದು, ಏನೂ ಕೊಡಲಾರದ ಬಡವನಿಗೂ ಇದು ಸಾಧ್ಯ. ಆ ಪುಸ್ತಕ ತುಂಬಿದ ದಿನ ನಮಗೆ ಹೇಳಿ ಕಳಿಸಿ. ತುಂಬದಿದ್ದರೆ ಕಟ್ಟಡ ಬೇಡ. ಆ ಭತ್ತವನ್ನು ದಿಕ್ಕಿಲ್ಲದವರ ಗುಡಿಸಲಿಗೇ ಒಯ್ದು ಅಳೆದುಕೊಡಿ.

ನಿಮ್ಮ ಊರು ಹೆಸರಿನಂತೆ ಸಾರಥಿಯಾಗಲಿ. ನಿಮ್ಮ ಕಣ್ಣಿನ ಕಾವಲಿನಲ್ಲಿ ಹಿರಿಯ ಜೀವಗಳು ನಿರ್ಭಯವಾಗಿ ಉಣ್ಣಲಿ, ನಿರ್ಭಯವಾಗಿ ಮಲಗಲಿ. ಎಲ್ಲರಿಗೂ ಸನ್ಮಂಗಲವಾಗಲಿ ಎಂದು ಹಾರೈಸುತ್ತೇವೆ.