ಸಸ್ಯಾಹಾರದಲ್ಲಿ ಸಸಾರಜನಕ
(ನಾಗಪುರದ ಮಹಾಲ್ ಭಾಗದಲ್ಲಿ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಭೋಂಸಲೆ ಅರಸರ ಕಾಲದ ಈ ಮಹಾಲ್‌ನಲ್ಲಿ ಕಡಲೆಹಿಟ್ಟಿನ ಜುಣಕ ಮತ್ತು ಜೋಳದ ಭಾಕರಿ ಮನೆಮನೆಯ ಊಟ. ಧಾರವಾಡ, ವಿಜಯಪುರಗಳ ಕಡೆಯಿಂದ ಬಂದವರಿಗೂ ಇದು ಹೊಸದಲ್ಲ. ಸಸ್ಯಾಹಾರದಿಂದ ಶರೀರಕ್ಕೆ ಸಾಕಷ್ಟು ಸಸಾರಜನಕ, ಅಂದರೆ ಪ್ರೋಟೀನು, ದೊರೆಯುವುದೇ ಎಂಬ ಪ್ರಶ್ನೆಗೆ ಉತ್ತರವು ಈ ತಟ್ಟೆಯಲ್ಲಿಯೇ ಇದೆ.

ಸಸಾರಜನಕವು ಅಮೈನೋ ಆಮ್ಲಗಳಿಂದ ಆದುದು. ಅವುಗಳಲ್ಲಿ ಒಂಬತ್ತನ್ನು ದೇಹವು ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಅಕ್ಕಿ, ಗೋಧಿ, ಜೋಳಗಳಲ್ಲಿ ಲೈಸಿನ್ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ. ಬೇಳೆಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೋನಿನ್ ಅನ್ನು ಧಾನ್ಯಗಳು ಒದಗಿಸುತ್ತವೆ. ಎರಡನ್ನೂ ಒಂದೇ ಹೊತ್ತಿನಲ್ಲಿ ಉಣ್ಣಬೇಕೆಂದೇನೂ ಇಲ್ಲ. ದಿನದ ಆಹಾರದಲ್ಲಿ ಎರಡೂ ಇದ್ದರೆ ಸಾಕು.

ಆದರೆ ಪ್ರಮಾಣವು ಮುಖ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. 55 ಕಿಲೋ ತೂಕದ ಮಹಿಳೆಗೆ ಇದು ಸುಮಾರು 46 ಗ್ರಾಂ ಆಗುತ್ತದೆ. 250 ಗ್ರಾಂ ಗೋಧಿ ಅಥವಾ ಜೋಳದಿಂದ ಸುಮಾರು 25 ಗ್ರಾಂ, 80 ಗ್ರಾಂ ಬೇಳೆಕಾಳುಗಳಿಂದ 17 ಗ್ರಾಂ, ಒಂದು ಲೋಟ ಹಾಲಿನಿಂದ 6 ಗ್ರಾಂ ದೊರೆತರೆ ಅಗತ್ಯ ಪೂರೈಸಿದಂತೆಯೇ. ಹಾಲನ್ನೂ ತ್ಯಜಿಸಿದವರು ಒಂದು ಹಿಡಿ ಶೇಂಗಾ ಅಥವಾ ಚೆನ್ನಾಗಿ ಬೇಯಿಸಿದ ಸೋಯಾ ಅವರೆಯನ್ನು ಸೇರಿಸಿಕೊಳ್ಳಬಹುದು. ಅಂಥವರಿಗೆ ಬಿ-12 ಜೀವಸತ್ವವು ಸಸ್ಯಗಳಿಂದ ದೊರೆಯದ ಕಾರಣ ವೈದ್ಯರ ಸಲಹೆಯಂತೆ ಅದನ್ನು ಪ್ರತ್ಯೇಕವಾಗಿ ಸೇವಿಸುವುದು ಅವಶ್ಯಕ.

ಈಗ ನಮ್ಮ ಅಡಿಗೆಮನೆಯನ್ನು ನೋಡೋಣ. ನಾಲ್ವರಿಗೆಂದು 40 ಗ್ರಾಂ ತೊಗರಿಬೇಳೆಯ ತಿಳಿಸಾರು ಮಾಡಿದರೆ, ಆ ಬೇಳೆಯಿಂದ ತಲಾ ದೊರೆಯುವ ಸಸಾರಜನಕ ಕೇವಲ 2 ಗ್ರಾಂ. ಬೇಳೆಯ ಬೆಲೆ ಏರಿದಾಗ ಸಾರಿನಲ್ಲಿ ನೀರು ಏರುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಗೃಹಿಣಿಗೆ ಅನ್ನ ಉಳಿಯುತ್ತದೆ, ಬೇಳೆ ಉಳಿಯುವುದಿಲ್ಲ. ಆಕೆ ಗರ್ಭಿಣಿಯಾಗಿದ್ದರೆ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಇನ್ನೂ 22 ಗ್ರಾಂ ಸಸಾರಜನಕ ಹೆಚ್ಚಾಗಿ ಬೇಕೆಂಬುದನ್ನು ಮನೆಯವರು ಮರೆಯಬಾರದು.

ಬೇಳೆ ಕೊಳ್ಳುವಾಗಲೂ ಎಚ್ಚರ ಅಗತ್ಯ. ವಿದರ್ಭದ ಪೂರ್ವ ಜಿಲ್ಲೆಗಳಲ್ಲಿ ಬೆಳೆಯುವ ಲಾಖೋಡಿ, ಅಂದರೆ ಕೇಸರಿ ಬೇಳೆಯನ್ನು, ಬರಗಾಲಗಳಲ್ಲಿ ತಿಂಗಳುಗಟ್ಟಲೆ ಮುಖ್ಯ ಆಹಾರವಾಗಿ ಉಂಡವರಲ್ಲಿ ಕೆಲವರ ಕಾಲುಗಳು ಶಾಶ್ವತವಾಗಿ ಸ್ವಾಧೀನ ತಪ್ಪಿದವು. 1961ರಲ್ಲಿ ಇದರ ಮಾರಾಟವನ್ನು ನಿಷೇಧಿಸಲಾಯಿತು. ತೊಗರಿಬೇಳೆಗೂ ಕಡಲೆಹಿಟ್ಟಿಗೂ ಇದನ್ನು ಕಲಬೆರಕೆ ಮಾಡುವುದುಂಟು. ಆದುದರಿಂದ ಬಿಡಿ ಹಿಟ್ಟು ಕೊಳ್ಳುವ ಬದಲು ಕಡಲೆಬೇಳೆಯನ್ನು ತಂದು, ಆರಿಸಿ, ಗಿರಣಿಯಲ್ಲಿ ಬೀಸಿಸುವುದು ಲೇಸು.

ದುಬಾರಿ ಪುಡಿಗಳ ಡಬ್ಬಿಗಳು ಎಲ್ಲರಿಗೂ ಬೇಕಿಲ್ಲ. ಸಾರಿನ ಜೊತೆಗೆ ಮೊಳಕೆಕಾಳಿನ ಉಸಳಿ, ಹೆಸರುಬೇಳೆಯ ಕೋಸಂಬರಿ, ಶೇಂಗಾ ಚಟ್ನಿ ಇವುಗಳಲ್ಲಿ ಒಂದಾದರೂ ದಿನವೂ ಇರಲಿ. ಮನೆಯ ತಾಯಂದಿರ ಪಾಲನ್ನು ಮೊದಲೇ ತೆಗೆದಿರಿಸಿ, ಅಥವಾ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿರಿ. ಇದಕ್ಕೆ ಹೆಚ್ಚಿನ ಖರ್ಚು ತಗಲುವುದಿಲ್ಲ.